ಪದಚರ್ಚೆ: ‘ವೆರಿಫೈಡ್’ ಅಂದರೆ ಗುರುತೋ, ಪರಿಚಯವೋ?

ಎಲ್ಲರಿಗೂ ನಮಸ್ಕಾರ.

ವಿಕೇಂದ್ರೀಕೃತ ಸಾಮಾಜಿಕ ಜಾಲಗಳಾದ ಮಾಸ್ಟೊಡಾನ್, ಬ್ಲೂಸ್ಕೈ, ನಾಸ್ಟರ್‌ಗಳಿಗೆ ಹೊಸದಾಗಿ ಬರುವ ಕನ್ನಡಿಗರಿಗಾಗಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಕೆಲವು ಪದಗಳ ಹತ್ತಿರ ಬಂದು ನಿಂತಿದ್ದೇನೆ. ಎಲ್ಲವೂ ಎರಡು ವಿಷಯಕ್ಕೆ ಸೇರಿದವು: ಒಬ್ಬರ ಹೆಸರಲ್ಲಿ ಇನ್ನೊಬ್ಬರು ಖಾತೆ ತೆರೆಯದಂತೆ ನೋಡಿಕೊಳ್ಳುವುದು, ಮತ್ತು ಹಾಗೆ ನೋಡಿಕೊಳ್ಳುವ ಭರದಲ್ಲಿ ಹೊಸಬರು ಯಾರ ಕಣ್ಣಿಗೂ ಬೀಳದೆ ಹೋಗುವುದು.

‘ವಿಕೇಂದ್ರೀಕೃತ’ ಪದದ ಬಗ್ಗೆ ನನಗೆ ತಕರಾರಿಲ್ಲ. ಪಂಚಾಯತ್ ರಾಜ್ ಕಾಲದಿಂದ ‘ಅಧಿಕಾರ ವಿಕೇಂದ್ರೀಕರಣ’ ನಮ್ಮ ಕಿವಿಗೆ ಬಿದ್ದಿದೆ. ಅರ್ಥವೂ ಅದೇ, ಒಂದೇ ಕಂಪನಿಯ ಕೈಯಲ್ಲಿ ಎಲ್ಲವೂ ಇರುವುದಿಲ್ಲ.

‘ಇಂಪರ್ಸನೇಶನ್’ಗೆ ‘ಸೋಗು’ ಸರಿಹೋಗುತ್ತದೆ ಅನ್ನಿಸುತ್ತದೆ. ‘ಪೊಲೀಸರ ಸೋಗಿನಲ್ಲಿ ಬಂದು ದರೋಡೆ’, ‘ಗ್ರಾಹಕರ ಸೋಗಿನಲ್ಲಿ ಸರ ಕಳವು’ ಅಂತ ಪತ್ರಿಕೆಗಳಲ್ಲಿ ದಿನಾ ಓದುತ್ತೇವೆ. ‘ನಕಲಿ ಖಾತೆ’ ಜಾಸ್ತಿ ಬಳಕೆಯಲ್ಲಿದೆ ನಿಜ, ಆದರೆ ಅದರ ವ್ಯಾಪ್ತಿ ದೊಡ್ಡದು. ಯಾರೂ ಅಲ್ಲದ ಒಬ್ಬರನ್ನು ಸೃಷ್ಟಿಸಿದರೂ ನಕಲಿ ಖಾತೆಯೇ. ಇನ್ನೊಬ್ಬರಂತೆ ತೋರಿಸಿಕೊಂಡರೆ ಮಾತ್ರ ಸೋಗು. ಕಾವ್ಯನಾಮದಲ್ಲಿ ಬರೆಯುವವರು ಸೋಗು ಹಾಕಿದವರಲ್ಲ. ಅದೇ ಹೆಸರು ಇರುವ ಇನ್ನೊಬ್ಬರೂ ಅಲ್ಲ. ನಮ್ಮಲ್ಲಿ ಪುನೀತ್, ಸುದೀಪ್ ಅನ್ನುವ ಹುಡುಗರು ಪ್ರತಿ ಊರಲ್ಲೂ ಇದ್ದಾರೆ. ಅವರು ತಮ್ಮ ಹೆಸರಲ್ಲೇ ಖಾತೆ ತೆರೆದರೆ ಅದು ತಪ್ಪೇನೂ ಅಲ್ಲ, ಅಲ್ವಾ? ಹಾಗಾಗಿ ‘ಸೋಗಿನ ಖಾತೆ’ ಅಂತ ಬಳಸಬೇಕೆಂದಿದ್ದೇನೆ. ಯಾರಿಗಾದರೂ ಆಕ್ಷೇಪ ಇದೆಯೇ?

ಕನ್ನಡದಲ್ಲಿ ಈ ತೊಂದರೆ ಸ್ವಲ್ಪ ಹೆಚ್ಚೇ ಇದೆ. ಮಾಸ್ಟೊಡಾನ್‌ನಲ್ಲಿ ಖಾತೆಯ ವಿಳಾಸ ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು. ಕನ್ನಡದಲ್ಲಿ ಬರೆದುಕೊಳ್ಳಲು ಆಗುವುದು ತೋರಿಕೆಯ ಹೆಸರು ಮಾತ್ರ, ಮತ್ತು ಅದನ್ನು ಯಾರು ಬೇಕಾದರೂ ಏನು ಬೇಕಾದರೂ ಇಟ್ಟುಕೊಳ್ಳಬಹುದು. ‘ಗಂಗಾಧರ’ ಅನ್ನುವುದನ್ನೇ ನೋಡಿ. ಅನುಸ್ವಾರದ ಬದಲು ಕನ್ನಡದ ಸೊನ್ನೆ ಅಂಕಿ ಹಾಕಿ ‘ಗ೦ಗಾಧರ’ ಅಂತ ಟೈಪ್ ಮಾಡಿದರೆ ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ. ಸೋಗು ಹಾಕುವವನಿಗೆ ಇದು ಅನುಕೂಲ. ಆದರೆ ಎಷ್ಟೋ ಕನ್ನಡಿಗರು ಗೊತ್ತಿಲ್ಲದೆಯೇ ಸೊನ್ನೆ ಹಾಕಿ ಟೈಪ್ ಮಾಡುತ್ತಾರೆ. ‘ಸೊನ್ನೆ ಇದ್ದರೆ ಅನುಮಾನಿಸು’ ಅಂತ ಯಂತ್ರಕ್ಕೆ ಹೇಳಿಕೊಟ್ಟರೆ ಮೊದಲು ಸಿಕ್ಕಿಬೀಳುವುದು ಈ ಅಮಾಯಕರೇ.

ಇನ್ನು ನನ್ನ ಮುಖ್ಯ ಪ್ರಶ್ನೆ: ‘ವೆರಿಫೈಡ್’. ‘ಅಧಿಕೃತ’ ಅಂತ ಬಳಸುವವರು ಹಲವರಿದ್ದಾರೆ. ನನಗೆ ಇದು ಬೇಡವೇ ಬೇಡ. ಒಂದು ಖಾತೆ ಅಧಿಕೃತ ಅಂದಕೂಡಲೇ ಉಳಿದದ್ದೆಲ್ಲ ಅನಧಿಕೃತ ಆಗಿಬಿಡುತ್ತದೆ. ನಿನ್ನೆ ಸೇರಿದ ಮೇಷ್ಟ್ರೊಬ್ಬರು ಅಕ್ರಮ ಕಟ್ಟಡದ ಸಾಲಿಗೆ ಸೇರುತ್ತಾರೆ. ಅಷ್ಟಕ್ಕೂ ಈ ಜಾಲಗಳಲ್ಲಿ ‘ಅಧಿಕೃತ’ ಅಂತ ಹೇಳಲು ಒಬ್ಬ ಅಧಿಕಾರಿ ಎಲ್ಲಿದ್ದಾನೆ?

ಮಾಸ್ಟೊಡಾನ್‌ನಲ್ಲಿ ನಿಜವಾಗಿ ನಡೆಯುವುದು ಇಷ್ಟು. ನಿಮ್ಮ ಪ್ರೊಫೈಲ್‌ನಲ್ಲಿ ನಿಮ್ಮ ವೆಬ್‌ಸೈಟಿನ ಕೊಂಡಿ ಹಾಕುತ್ತೀರಿ. ವೆಬ್‌ಸೈಟಿನಿಂದ ಪ್ರೊಫೈಲ್‌ಗೆ ತಿರುಗಿ ಒಂದು ಕೊಂಡಿ, ‘ರೆಲ್-ಮಿ’ (rel="me", ಅಂದರೆ ‘ಇದೂ ನಾನೇ’) ಗುರುತಿನೊಂದಿಗೆ, ಹಾಕುತ್ತೀರಿ. ಎರಡೂ ಹೊಂದಿಕೆಯಾದರೆ ಕೊಂಡಿ ಹಸಿರಾಗುತ್ತದೆ. ಯಾರಿಗೂ ಅರ್ಜಿ ಹಾಕಬೇಕಿಲ್ಲ, ದುಡ್ಡು ಕೊಡಬೇಕಿಲ್ಲ. ಹಸಿರು ಹೇಳುವುದು ‘ಈ ತಾಣ ಇವರದ್ದೇ’ ಅಂತ ಮಾತ್ರ. ಬ್ಲೂಸ್ಕೈಯಲ್ಲಿ ನಿಮ್ಮ ಡೊಮೈನ್ ಹೆಸರೇ (ವೆಬ್‌ಸೈಟಿನ ವಿಳಾಸವೇ) ಖಾತೆಯ ಹೆಸರಾಗಬಹುದು. ಕುಪ್ಪಳಿಯ ಪುಟ್ಟಪ್ಪ ಅಂದಹಾಗೆ, ಎಲ್ಲಿಯವರು ಅನ್ನುವುದು ಹೆಸರಿನಲ್ಲೇ ಇರುತ್ತದೆ. ಆದರೆ 2025ರ ಏಪ್ರಿಲ್‌ನಲ್ಲಿ ಬ್ಲೂಸ್ಕೈ ನೀಲಿ ಟಿಕ್ಕನ್ನೂ ತಂದಿತು. ಅದನ್ನು ಕಂಪನಿ ತಾನೇ ಕೊಡುತ್ತದೆ, ಜೊತೆಗೆ ನ್ಯೂಯಾರ್ಕ್ ಟೈಮ್ಸ್‌ನಂಥ ಕೆಲವು ಸಂಸ್ಥೆಗಳೂ ತಮ್ಮವರಿಗೆ ಕೊಡಬಹುದು. ಇದು ಹಸಿರು ಕೊಂಡಿಗಿಂತ ಬೇರೆ ಮಾತು. ಇಲ್ಲಿ ಇನ್ನೊಬ್ಬರು ನಿಮ್ಮ ಪರವಾಗಿ ಹೇಳಬೇಕು. ಎರಡಕ್ಕೂ ಇಂಗ್ಲಿಷಿನಲ್ಲಿ ಒಂದೇ ಪದ ಇದೆ ಅಂತ ಕನ್ನಡದಲ್ಲೂ ಒಂದೇ ಇರಬೇಕಾಗಿಲ್ಲ.

ನಮ್ಮ ಮಾತಿನಲ್ಲಿ ‘ಗುರುತು ಪರಿಚಯ ಇಲ್ಲದವರು’ ಅಂತ ಇದೆ. ಜೋಡಿಯಾಗಿ ಹೇಳಿ ಹೇಳಿ ಎರಡೂ ಒಂದೇ ಅಂದುಕೊಂಡಿದ್ದೇವೆ. ಬಿಡಿಸಿದರೆ ನನ್ನ ಸಮಸ್ಯೆಯ ಬಹುಪಾಲು ತಿಳಿಯಾಗುತ್ತದೆ. ‘ನಾನು ಇಂಥವನು’ ಅಂತ ತೋರಿಸುವುದು ಗುರುತು. ‘ಇವರು ನನಗೆ ಗೊತ್ತು’ ಅಂತ ನಾಲ್ಕು ಜನ ಹೇಳುವುದು ಪರಿಚಯ. ಹೊಸಬರು ಗುರುತನ್ನು ಮೊದಲ ದಿನವೇ ತೋರಿಸಬಹುದು. ಪರಿಚಯ ಮೊದಲ ದಿನ ಆಗುವುದಿಲ್ಲ. ಸೋಗು ತಡೆಯಲು ಬೇಕಿರುವುದು ಗುರುತು. ಆದರೆ ಈ ಜಾಲಗಳ ಹಲವು ಸೋಸುವ ವ್ಯವಸ್ಥೆಗಳು ನೋಡುವುದು ಪರಿಚಯವನ್ನು.

ನಾಸ್ಟರ್‌ನಲ್ಲಿ ಇದು ಎದ್ದು ಕಾಣುತ್ತದೆ. ಅಲ್ಲಿ ಖಾತೆ ಅಂದರೆ ಒಂದು ಜೋಡಿ ಡಿಜಿಟಲ್ ಕೀಲಿ (ಒಂದು ಎಲ್ಲರಿಗೂ ಕಾಣುವುದು, ಇನ್ನೊಂದು ಗುಟ್ಟಿನದು), ಯಾರು ಬೇಕಾದರೂ ಕ್ಷಣದಲ್ಲಿ ತಯಾರಿಸಿಕೊಳ್ಳಬಹುದು. ಸ್ಪ್ಯಾಮ್ ತಡೆಯಲು ಕೆಲವು ಆ್ಯಪ್‌ಗಳು ನೀವು ಫಾಲೋ ಮಾಡುವವರು, ಅವರು ಫಾಲೋ ಮಾಡುವವರು, ಇಷ್ಟು ಜನರನ್ನು ಮುಂದಿಡುತ್ತವೆ. ಉಳಿದವರು ಹಿಂದೆ ಸರಿಯುತ್ತಾರೆ. ಯಾರೂ ಫಾಲೋ ಮಾಡದ ಹೊಸಬರು ಎಷ್ಟೇ ಚೆನ್ನಾಗಿ ಉತ್ತರ ಬರೆದರೂ ಅದು ಕಾಣುವುದಿಲ್ಲ. ಕಾಣದಿದ್ದರೆ ಫಾಲೋ ಮಾಡುವವರಾದರೂ ಯಾರು?

ಮಾಸ್ಟೊಡಾನ್‌ನ 4.3ನೇ ಆವೃತ್ತಿಯಲ್ಲೂ ಇಂಥ ಒಂದು ಆಯ್ಕೆ ಬಂತು. ಕಳೆದ 30 ದಿನಗಳಲ್ಲಿ ತೆರೆದ ಖಾತೆಗಳಿಂದ ಬರುವ ಸೂಚನೆಗಳನ್ನು (ನೋಟಿಫಿಕೇಶನ್) ಬೇರೆ ಪೆಟ್ಟಿಗೆಗೆ ಕಳಿಸಬಹುದು. ಇದಕ್ಕೆ ಕಾರಣ ಇಲ್ಲದಿಲ್ಲ. 2024ರ ಫೆಬ್ರವರಿಯಲ್ಲಿ ನೋಡಿಕೊಳ್ಳುವವರಿಲ್ಲದ ಸಣ್ಣ ಸರ್ವರ್‌ಗಳಲ್ಲಿ ರಾಶಿ ರಾಶಿ ಖಾತೆ ತೆರೆದು ಸ್ಪ್ಯಾಮ್ ಸುರಿದಿದ್ದರು. ರಕ್ಷಣೆ ಬೇಕೇ ಬೇಕು. ನನ್ನ ಚಿಂತೆ ಇರುವುದು ಅದಕ್ಕೆ ಹಚ್ಚುವ ಹೆಸರಿನ ಬಗ್ಗೆ. ‘ಫಿಲ್ಟರ್ಡ್’ ಅನ್ನುವುದನ್ನು ‘ತಡೆಹಿಡಿಯಲಾಗಿದೆ’ ಅಂದರೆ ಆ ವ್ಯಕ್ತಿ ಏನೋ ತಪ್ಪು ಮಾಡಿದಂತೆ ಕೇಳಿಸುತ್ತದೆ. ಅಲ್ಲಿ ಆಗಿರುವುದು ಬದಿಗೆ ಇಟ್ಟಿರುವುದು ಅಷ್ಟೇ, ನೀವು ಪೆಟ್ಟಿಗೆ ತೆರೆದು ನೋಡಿ ಒಪ್ಪಿಕೊಳ್ಳಬಹುದು. ‘ಬದಿಗಿಟ್ಟ ಸೂಚನೆಗಳು, ನೋಡಿ’ ಅಂದರೆ ಓದಿದವರು ಒಮ್ಮೆ ತೆರೆದು ನೋಡಿಯಾರು.

‘ವಿಸಿಬಿಲಿಟಿ’ಗೆ ‘ಗೋಚರತೆ’ ಬೇಡ, ‘ಕಣ್ಣಿಗೆ ಬೀಳು’ ಸಾಕು ಅನ್ನಿಸುತ್ತದೆ. ‘ನಿಮ್ಮ ಬರಹ ಯಾರ ಕಣ್ಣಿಗೆ ಬೀಳಬೇಕು?’ ಎಂಬ ಪ್ರಶ್ನೆ ಎಲ್ಲರಿಗೂ ಅರ್ಥವಾಗುತ್ತದೆ.

ಒಂದು ಹಳೆಯ ಉದಾಹರಣೆ ಇಲ್ಲಿ ಹೇಳಲೇಬೇಕು. ಬೆಂಗಳೂರಿನಲ್ಲಿ ಹುಟ್ಟಿ, ಕನ್ನಡದಲ್ಲೇ ಮೊದಲು ಶುರುವಾದ ‘ಕೂ’ ಎಂಬ ಟ್ವಿಟರ್ ಮಾದರಿಯ ಜಾಲ ವಿಕೇಂದ್ರೀಕೃತವಾಗಿರಲಿಲ್ಲ, 2024ರಲ್ಲಿ ಮುಚ್ಚಿಯೂ ಹೋಯಿತು. ಆದರೆ ಅಲ್ಲಿ ಎರಡು ಬೇರೆ ಟಿಕ್ ಇದ್ದವು. ಹೆಸರಾಂತರಿಗೆ ಹಳದಿ. 2022ರಿಂದ, ಆಧಾರ್ ಮೂಲಕ ತಾವೇ ಗುರುತು ಖಾತ್ರಿಪಡಿಸಿದ ಯಾರಿಗೇ ಆಗಲಿ ಹಸಿರು. ಆಧಾರ್ ಕೇಳುವುದು ಸರಿಯೇ ಅನ್ನುವ ಚರ್ಚೆ ಬೇರೆ. ಹೆಸರುವಾಸಿಯಾಗಿರುವುದೂ ಗುರುತು ತೋರಿಸುವುದೂ ಬೇರೆ ಬೇರೆ ಅನ್ನುವುದನ್ನು ಅವರು ಬಣ್ಣದಲ್ಲೇ ಹೇಳಿದ್ದರು. ಅದೇ ವರ್ಷದ ನವೆಂಬರ್‌ನಲ್ಲಿ ಟ್ವಿಟರ್ ನೀಲಿ ಟಿಕ್ಕನ್ನು ದುಡ್ಡಿಗೆ ಕೊಟ್ಟಾಗ, ಎಲಿ ಲಿಲ್ಲಿ ಔಷಧ ಕಂಪನಿಯ ಸೋಗಿನಲ್ಲಿ ಒಬ್ಬರು ‘ಇನ್ಸುಲಿನ್ ಇನ್ನು ಉಚಿತ’ ಅಂತ ಬರೆದರು. ಟಿಕ್ ಏನನ್ನು ಹೇಳುತ್ತದೆ ಅನ್ನುವುದು ಸ್ಪಷ್ಟವಿಲ್ಲದಿದ್ದರೆ ಹೀಗಾಗುತ್ತದೆ.

ನಾನು ಯೋಚಿಸಿರುವುದು ಹೀಗೆ: ಹಸಿರು ಕೊಂಡಿಗೆ, ಡೊಮೈನ್ ಹೆಸರಿಗೆ ‘ಗುರುತು ಖಾತ್ರಿ’. ಉದ್ಯೋಗ ಖಾತ್ರಿಯಿಂದಾಗಿ ‘ಖಾತ್ರಿ’ ಹಳ್ಳಿಯವರಿಗೂ ಗೊತ್ತು. ಖಾತ್ರಿ ಇಲ್ಲದ ಖಾತೆಗೆ ಯಾವ ಹಣೆಪಟ್ಟಿಯೂ ಬೇಡ, ಸುಮ್ನೆ ಬಿಡುವುದು. ಹೊಸ ಖಾತೆಗೆ ‘ಹೊಸಬರು’. ನೀಲಿ ಟಿಕ್ಕಿಗೆ ಇನ್ನೂ ಪದ ಹೊಳೆದಿಲ್ಲ. ‘ಇಂಥವರು ಗುರುತಿಸಿದ್ದು’ ಅಂತ ಕೊಟ್ಟವರ ಹೆಸರನ್ನೇ ಸೇರಿಸಿದರೆ ಹೇಗೆ?

ಇನ್ನೊಂದು ಪದ ಬೇಕು, ‘ವೆಬ್ ಆಫ್ ಟ್ರಸ್ಟ್’ಗೆ, ಅಂದರೆ ನಾಸ್ಟರ್ ಬಗ್ಗೆ ಮೇಲೆ ಹೇಳಿದಂತೆ ನಮಗೆ ಗೊತ್ತಿರುವವರ ಮೂಲಕ ಇನ್ನೊಬ್ಬರನ್ನು ನಂಬುತ್ತಾ ಹೋಗುವ ವ್ಯವಸ್ಥೆಗೆ. ‘ನಂಬಿಕೆಯ ಬಲೆ’ ಅಂದರೆ ಸಿಕ್ಕಿಹಾಕಿಕೊಂಡಂತೆ ಕೇಳಿಸುತ್ತದೆ. ‘ಪರಿಚಯದ ಸರಪಳಿ’ ಅಂದರೆ ನಡೆಯುವುದಕ್ಕೆ ಹತ್ತಿರ ಬರುತ್ತದೆ, ಆದರೆ ಟ್ರಸ್ಟ್ ಅನ್ನುವುದು ಬಿಟ್ಟುಹೋಗುತ್ತದೆ. ನಿಮ್ಮ ಕಡೆ, ಒಬ್ಬರ ಮಾತಿನ ಮೇಲೆ ಇನ್ನೊಬ್ಬರನ್ನು ನಂಬಿ ಸೇರಿಸಿಕೊಳ್ಳುವುದಕ್ಕೆ ಏನಂತಾರೆ? ಹುಬ್ಬಳ್ಳಿ-ಧಾರವಾಡ, ಕಲಬುರಗಿ, ಮಂಗಳೂರು ಕಡೆಯವರು ದಯವಿಟ್ಟು ತಿಳಿಸಿ, ವಾಕ್ಯದಲ್ಲಿ ಬಳಸಿ ತೋರಿಸಿದರೆ ಇನ್ನೂ ಒಳ್ಳೆಯದು.