ಪದಚರ್ಚೆ: ಹಾಳೆಯ ಎರಡೂ ಮಗ್ಗುಲು ಮತ್ತು ‘ಮಗುಚು’

ಮಾನ್ಯರೆ,

ಪ್ರಿಂಟರ್‌ನ ‘ಡ್ಯೂಪ್ಲೆಕ್ಸ್’ಗೆ, ಅಂದರೆ ಹಾಳೆಯ ಎರಡೂ ಕಡೆಯ ಮುದ್ರಣಕ್ಕೆ, ಮತ್ತು ಅದರ ಜೊತೆಗಿನ ಆಯ್ಕೆಗಳಿಗೆ ಕನ್ನಡದಲ್ಲಿ ಏನೆನ್ನಬೇಕೆಂದು ಕೇಳಿದ್ದೀರಿ. ನಿಮ್ಮ ಮಂಡ್ಯದ ಜೆರಾಕ್ಸ್ ಅಂಗಡಿಯ ಫಲಕ ನಾಳೆ ಬೆಳಿಗ್ಗೆಯೇ ಅಚ್ಚಿಗೆ ಹೋಗಬೇಕೆಂದು ಬರೆದಿದ್ದೀರಿ. ಹಾಗಾಗಿ ಮೊದಲು ಉತ್ತರ ಕೊಡುತ್ತೇನೆ, ವಾದ ಆಮೇಲೆ.

ಹೀಗೆ ಬರೆಸಿ: ಒಂದೇ ಮಗ್ಗುಲು. ಎರಡೂ ಮಗ್ಗುಲು. ನಿಲುವು ಪುಟ. ಅಡ್ಡ ಪುಟ. ಪುಸ್ತಕದಂತೆ ಮಗುಚುವುದು. ಕ್ಯಾಲೆಂಡರಿನಂತೆ ಮಗುಚುವುದು. ಒಂದು ಮಗ್ಗುಲಿಗೆ ಎರಡು ಪುಟ. ಪ್ರಿಂಟರ್ ಪ್ರಿಂಟರ್ ಆಗಿಯೇ ಇರಲಿ. ಮುದ್ರಕರು ಎಂದರೆ ಪುಸ್ತಕದ ಒಳಪುಟದಲ್ಲಿ ಹೆಸರು ಹಾಕಿಸಿಕೊಳ್ಳುವವರು, ಮೇಜಿನ ಮೇಲಿನ ಯಂತ್ರವಲ್ಲ.

ನಿನ್ನೆ ಒಬ್ಬರು ಸೂಚಿಸಿದ ‘ಉಭಯಪಾರ್ಶ್ವ ಮುದ್ರಣ’ ಆಗದು. ಆ ಅಂಗಡಿಯ ಮುಂದೆ ಅರ್ಜಿ ಹಿಡಿದು ನಿಲ್ಲುವವರಿಗೆ ಪಾರ್ಶ್ವ ಎಂದರೆ ಪಾರ್ಶ್ವವಾಯು, ಬೇರೇನೂ ಅಲ್ಲ. ‘ಡ್ಯೂಪ್ಲೆಕ್ಸ್’ ಅನ್ನೇ ಉಳಿಸಿ ಎಂದವರ ಮಾತೂ ನಿಲ್ಲದು: ನಮ್ಮ ಮೈಸೂರಿನಲ್ಲಿ ಡ್ಯೂಪ್ಲೆಕ್ಸ್ ಎಂದರೆ ಒಳಗೇ ಮೆಟ್ಟಿಲಿರುವ ಮನೆ. ‘ಪೋರ್ಟ್ರೇಟ್’, ‘ಲ್ಯಾಂಡ್‌ಸ್ಕೇಪ್’ಗಳಿಗೆ ‘ಭಾವಚಿತ್ರ’, ‘ಭೂದೃಶ್ಯ’ ಎಂಬ ಜೋಡಿ ಚರ್ಚೆಗೂ ಯೋಗ್ಯವಲ್ಲ. ನಿಲುವುಗನ್ನಡಿಯಲ್ಲಿ ಮುಖ ನೋಡಿಕೊಳ್ಳುವ ಜನಕ್ಕೆ ನಿಲುವು ಪುಟ ಏನೆಂದು ಯಾರೂ ಬಿಡಿಸಿ ಹೇಳಬೇಕಿಲ್ಲ.

‘ಎರಡು ಪುಟ ಮುದ್ರಣ’ ಎಂದವರು ಹಾಳೆಗೂ ಪುಟಕ್ಕೂ ಇರುವ ವ್ಯತ್ಯಾಸವನ್ನೇ ಮರೆತಿದ್ದಾರೆ. ಒಂದು ಹಾಳೆಗೆ ಎರಡು ಮಗ್ಗುಲು. ಒಂದೊಂದು ಮಗ್ಗುಲಲ್ಲಿ ಒಂದೋ ಎರಡೋ ನಾಲ್ಕೋ ಪುಟ ಕೂರಬಹುದು. ಇವು ಪ್ರಿಂಟರ್‌ನಲ್ಲಿ ಬೇರೆ ಬೇರೆ ಆಯ್ಕೆಗಳು. ‘ಇಬ್ಬದಿ’ ಚೆನ್ನಾದ ಪದವೇ. ಇಮ್ಮಡಿ, ಇಬ್ಬಗೆಗಳ ಸಾಲಿನದು. ಆದರೆ ಬದಿ ಎಂದೊಡನೆ ರಸ್ತೆಯ ಬದಿ ಕಣ್ಣಿಗೆ ಬರುತ್ತದೆ, ಅಂದರೆ ಅಂಚು. ಇಲ್ಲಿ ಬೇಕಾದದ್ದು ಹಾಳೆಯ ಮೈ. ಮಲಗಿದವರು ಬದಲಿಸುವುದು ಮಗ್ಗುಲನ್ನು, ಬದಿಯನ್ನಲ್ಲ.

ಇನ್ನು ನಿಮ್ಮ ನಿಜವಾದ ತೊಡಕಿಗೆ ಬರುತ್ತೇನೆ. ಎರಡೂ ಮಗ್ಗುಲು ಮುದ್ರಿಸುವಾಗ ಹಾಳೆ ಯಾವ ಅಂಚಿನ ಮೇಲೆ ಮಗುಚಬೇಕೆಂಬುದಕ್ಕೆ ಇಂಗ್ಲಿಷಿನ ಆಯ್ಕೆಗಳು ‘ಉದ್ದದ ಅಂಚು’, ‘ಗಿಡ್ಡ ಅಂಚು’ ಎಂದು ಹೇಳುತ್ತವೆ. ಹಾಗೆಯೇ ಕನ್ನಡಿಸಿದರೆ ಆಯಿತಲ್ಲ ಎಂದು ಇಬ್ಬರು ಬರೆದಿದ್ದಾರೆ. ಆಗುವುದಿಲ್ಲ. ಎ4 ಹಾಳೆ 210 ಮಿಲಿಮೀಟರ್ ಅಗಲ, 297 ಮಿಲಿಮೀಟರ್ ಉದ್ದ. ಪುಟ ನಿಂತಿದ್ದರೆ ಉದ್ದದ ಅಂಚು ಎಡಗಡೆಗೆ ಬರುತ್ತದೆ, ಹಾಳೆ ಪುಸ್ತಕದಂತೆ ಮಗುಚುತ್ತದೆ. ಪುಟವನ್ನು ಅಡ್ಡ ಮಾಡಿದಿರೋ, ಅದೇ ಉದ್ದದ ಅಂಚು ತಲೆಯ ಕಡೆಗೆ ಹೋಗಿ ಹಾಳೆ ಕ್ಯಾಲೆಂಡರಿನಂತೆ ಮೇಲಕ್ಕೆ ಮಗುಚುತ್ತದೆ. ಒಂದೇ ಹೆಸರು, ಎರಡು ಫಲ. ನಾನು ಕರಡು ತಿದ್ದುವವನು. ಕಳೆದ ವರ್ಷ ಒಂದು ವರದಿಯ ಅಡ್ಡ ಪಟ್ಟಿಗಳನ್ನು ಮುದ್ರಿಸಿ ಎಡಕ್ಕೆ ಹೊಲಿಸಿದೆ, ಆಯ್ಕೆ ಮಾತ್ರ ಉದ್ದದ ಅಂಚಿನಲ್ಲೇ ಉಳಿದಿತ್ತು. ಪ್ರತಿ ಹಾಳೆಯ ಹಿಂಮಗ್ಗುಲೂ ತಲೆಕೆಳಗು. ಲೆಕ್ಕ ನೋಡಬೇಕಾದ ಹಿರಿಯರು ಪುಟಪುಟಕ್ಕೂ ಇಡೀ ಪುಸ್ತಕವನ್ನೇ ಗಿರ್ರನೆ ತಿರುಗಿಸುವುದನ್ನು ಎದುರು ಕುಳಿತು ನೋಡಿದೆ. ಅಂದಿನಿಂದ ನನಗೆ ಈ ಅಂಚಿನ ಲೆಕ್ಕವೇ ಬೇಡ. ಯಂತ್ರ ಯಾವ ಅಂಚನ್ನು ನೋಡುತ್ತದೆ ಎಂಬುದಲ್ಲ, ಓದುವವರ ಕೈ ಏನು ಮಾಡುತ್ತದೆ ಎಂಬುದು ಹೆಸರಿಗೆ ಬರಬೇಕು.

ಆ ಕೈಗೆಲಸಕ್ಕೆ ‘ತಿರುಗಿಸು’ ಸಲ್ಲದು, ಅದು ಹಾಳೆಯನ್ನು ಇದ್ದಲ್ಲೇ ಸುತ್ತಿಸುವುದಕ್ಕೆ ಬೇಕು. ಆ ಆಯ್ಕೆಯೂ ಪ್ರಿಂಟರ್‌ನಲ್ಲಿದೆ. ಮಗುಚು ಎಂದರೆ ಅಡಿಯದು ಮೇಲೆ ಬರುವಂತೆ ಹೊರಳಿಸು. ಹಳಗನ್ನಡದಲ್ಲಿ ಮಗುೞ್ ಎಂದರೆ ಹಿಂದಿರುಗು. ಅದರ ಪ್ರೇರಣೆಯ ರೂಪ ಮಗುೞ್ಚು, ೞಕಾರ ಕರಗಿ ಮಗುಚು. ಸಾವಿರ ವರ್ಷದ ಕ್ರಿಯಾಪದ ಇಂದಿಗೂ ಕಾವಲಿಯ ಪಕ್ಕ ಬದುಕಿದೆ: ದೋಸೆ ಮಗುಚುವ ಕೈ ಯಾರ ಮನೆಯಲ್ಲಿಲ್ಲ? ಮಗುಚುವ ಕೈಯನ್ನು ದೋಸೆಯ ಅಡಿಗೆ ತೂರಿಸಿ ಒಮ್ಮೆ ಎತ್ತಿ ಹಾಕಿದರೆ ಬೆಂದ ಮಗ್ಗುಲು ಮೇಲೆ, ಹಸಿ ಮಗ್ಗುಲು ಕೆಳಗೆ. ಪ್ರಿಂಟರ್ ಹಾಳೆಯನ್ನು ಒಳಗೆ ಎಳೆದುಕೊಂಡು ಮಾಡುವುದೂ ಅದನ್ನೇ. ‘ದೋಣಿ ಮಗುಚಿತು’ ಎಂದು ಪತ್ರಿಕೆಯಲ್ಲಿ ಓದುತ್ತೇವೆ, ಅಶುಭ ಪದ ಎಂದು ಆಕ್ಷೇಪಿಸಿದವರು ಬೆಳಗಿನ ತಿಂಡಿಯನ್ನು ನೆನೆಯಬೇಕು.

ಕ್ಯಾಲೆಂಡರ್ ಇಂಗ್ಲಿಷ್ ಪದ, ‘ಪಂಚಾಂಗದಂತೆ’ ಎನ್ನಿ ಎಂಬ ಸಲಹೆ ಸರಿಯಲ್ಲ. ಪಂಚಾಂಗ ಮಗುಚುವುದು ಪುಸ್ತಕದಂತೆ! ಅಪ್ಪಟ ನಮ್ಮದೇ ಉದಾಹರಣೆ ಬೇಕೆಂದರೆ ಓಲೆಗರಿ ಇದೆ. 1891ರಲ್ಲಿ ಆರಂಭವಾದ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ ಸಾವಿರಾರು ಓಲೆಯ ಕಟ್ಟುಗಳಿವೆ. ಅಡ್ಡ ಪುಟ, ಎರಡೂ ಮಗ್ಗುಲು ಬರಹ, ದಾರಕ್ಕೆ ಪೋಣಿಸಿದ ಗರಿ ಮೇಲಕ್ಕೆ ಮಗುಚುತ್ತದೆ. ಆದರೆ ಫಲಕ ಓದುವವರು ಓಲೆಗರಿ ಮಗುಚಿದವರಲ್ಲ. ಅವರ ಗೋಡೆಯಲ್ಲಿ ಕ್ಯಾಲೆಂಡರ್ ಇದೆ.

ಎರವಲು ಪದಗಳೆಲ್ಲ ಹೊರಹೋಗಲಿ ಎನ್ನುವವರು ಕಾಗದವನ್ನೇನು ಮಾಡುತ್ತಾರೆ? ಅದು ಪಾರಸಿಯಿಂದ ಬಂದದ್ದು. ಕಚೇರಿಯೂ ಹೊರಗಿನದೇ. ಇನ್ನೊಂದು ಕಡೆ, ಕನ್ನಡಕ್ಕೆ ಹೊಸದನ್ನು ಹೊರುವ ಶಕ್ತಿಯಿಲ್ಲ ಎನ್ನುವವರು ಕಡತವನ್ನು ನೋಡಲಿ. ಹುಣಸೆಬೀಜದ ಸರಿಯನ್ನು ಬಟ್ಟೆಗೆ ಬಳಿದು, ಇದ್ದಿಲಿನಿಂದ ಕಪ್ಪಾಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ ಬಳಪದಿಂದ ಬರೆಯುತ್ತಿದ್ದ ಲೆಕ್ಕದ ಪುಸ್ತಕ ಅದು. ಬಟ್ಟೆ ಹೋಯಿತು, ಬಳಪ ಹೋಯಿತು. ಪದ ಮಾತ್ರ ಸರ್ಕಾರಿ ಕಚೇರಿಯ ಫೈಲಿಗೆ ಹೆಸರಾಗಿ ಇಂದಿಗೂ ದುಡಿಯುತ್ತಿದೆ. ಮಗುಚುವಿಗೂ ಅಂಥದೇ ಒಂದು ಹೊಸ ಕೆಲಸ ಕೊಡಿ ಎಂದಷ್ಟೇ ಕೇಳುತ್ತಿದ್ದೇನೆ.

ನಿಮ್ಮ ಅಂಗಡಿಗೆ ವಕೀಲರ ಗುಮಾಸ್ತರೂ ಬರುತ್ತಾರೆ ಎಂದಿದ್ದೀರಿ. 2020ರಲ್ಲಿ ಸುಪ್ರೀಂ ಕೋರ್ಟು ತನ್ನ ಮುಂದೆ ಬರುವ ದಾಖಲೆಗಳಿಗೆ ಎ4 ಹಾಳೆಯ ಎರಡೂ ಮಗ್ಗುಲ ಮುದ್ರಣವನ್ನು ಗೊತ್ತುಮಾಡಿದೆ. ಈ ಪದಗಳ ಅಗತ್ಯ ಇನ್ನು ಹೆಚ್ಚೇ ಹೊರತು ಕಡಿಮೆಯಲ್ಲ. ತಾನಾಗಿ ಮಗುಚದ ಹಳೆಯ ಪ್ರಿಂಟರ್ ಇದ್ದರೆ ‘ಮೊದಲು ಬೆಸ ಪುಟ, ಆಮೇಲೆ ಸಮ ಪುಟ’ ಎಂಬ ಸಾಲನ್ನೂ ಸೇರಿಸಿ.

ಫಲಕದ ಕೆಳಗೆ ಎರಡು ಮೊಳೆ ಹೊಡೆಸಿ. ಎಡಕ್ಕೆ ದಾರ ಹಾಕಿದ ನಾಲ್ಕು ಹಾಳೆ ಒಂದಕ್ಕೆ, ತಲೆಗೆ ದಾರ ಹಾಕಿದ ನಾಲ್ಕು ಹಾಳೆ ಇನ್ನೊಂದಕ್ಕೆ. ಗಿರಾಕಿಗಳು ಮಗುಚಿ ನೋಡಿ, ಬೇಕಾದದ್ದನ್ನು ಕೇಳಲಿ.