ವಿಡಿಯೊ ಸಂಕಲನವನ್ನು ಹೊರಗಿನವರಿಗೆ ವಹಿಸುವಾಗ ಯಾರನ್ನು ಆರಿಸಬೇಕು?

ಪ್ರಶ್ನೆ

ಹಿರಿಯ ಕುಶಲಕರ್ಮಿಗಳ ಸಂದರ್ಶನಗಳನ್ನು ನಾವಿಬ್ಬರು ಸೇರಿ ಚಿತ್ರೀಕರಿಸುತ್ತಿದ್ದೇವೆ. ಎರಡು ಗಂಟೆಯ ಮಾತುಕತೆಯನ್ನು ಅರ್ಧ ಗಂಟೆಗೆ ಇಳಿಸುವ ಕೆಲಸವನ್ನು ಇಷ್ಟು ದಿನ ನಾವೇ ಮಾಡುತ್ತಿದ್ದೆವು. ಈಗ ಚಿತ್ರೀಕರಣವೇ ಹೆಚ್ಚಾಗಿ ಸಂಕಲನಕ್ಕೆ ಸಮಯ ಸಾಲುತ್ತಿಲ್ಲ. ಬಹಳ ಸೊಗಸಾದ ಶೋರೀಲ್ (ತಮ್ಮ ಕೆಲಸದ ಮಾದರಿ ವಿಡಿಯೊ) ಕಳುಹಿಸಿದ ಒಬ್ಬ ಸ್ವತಂತ್ರ ಎಡಿಟರ್, ಐದಾರು ಜನರಿರುವ ಒಂದು ಸ್ಟುಡಿಯೊ, ಮತ್ತು ಅನುಭವ ಕಡಿಮೆಯಿದ್ದರೂ ಮೊದಲ ಮಾತಿನಲ್ಲೇ ನಮ್ಮ ಸಂದರ್ಶನಗಳ ಬಗ್ಗೆ ಹತ್ತಾರು ಪ್ರಶ್ನೆ ಕೇಳಿದ ಒಬ್ಬ ಯುವತಿ, ಹೀಗೆ ಮೂರು ಆಯ್ಕೆಗಳಿವೆ. ಯಾವುದನ್ನು ನೋಡಿ ನಿರ್ಧರಿಸುವುದು ಸರಿ? ಈ ಹಿರಿಯರ ಮಾತನ್ನು ಮತ್ತೆ ದಾಖಲಿಸುವ ಅವಕಾಶ ಸಿಗದೆ ಹೋಗಬಹುದು ಎಂಬ ಕಾರಣಕ್ಕೆ ಅನುಭವಸ್ಥರ ಸಲಹೆ ಕೇಳುತ್ತಿದ್ದೇನೆ.

ಉತ್ತರ 1

ಶೋರೀಲನ್ನು ನೋಡಿ, ಆದರೆ ಅದನ್ನೇ ನಂಬಿ ಕೆಲಸ ಒಪ್ಪಿಸಬೇಡಿ. ಅದು ಹಲವು ವರ್ಷಗಳ ಕೆಲಸದಿಂದ ಆಯ್ದ ಒಂದೆರಡು ನಿಮಿಷಗಳ ಜೋಡಣೆ. ಅಲ್ಲಿ ನಿಮ್ಮ ಮನಸ್ಸು ಸೆಳೆದ ಬೆಳಕು ಮತ್ತು ಚೌಕಟ್ಟು ಛಾಯಾಗ್ರಾಹಕರವು, ಮತ್ತು ಸಂಗೀತದ ತಾಳಕ್ಕೆ ದೃಶ್ಯಗಳನ್ನು ಕತ್ತರಿಸಬಲ್ಲವರೆಲ್ಲ ಎರಡು ಗಂಟೆಯ ಮಾತಿನಲ್ಲಿ ಯಾವುದನ್ನು ಉಳಿಸಬೇಕೆಂದು ಬಲ್ಲವರಾಗಿರುವುದಿಲ್ಲ. ಅವರು ಸಂಕಲಿಸಿದ ಒಂದು ಪೂರ್ಣ ಸಂದರ್ಶನವನ್ನು ಕೇಳಿ ಪಡೆದು, ಮೊದಲಿನಿಂದ ಕೊನೆಯವರೆಗೆ ನೋಡಿ.

ಅದಕ್ಕಿಂತಲೂ ಮುಖ್ಯವಾಗಿ, ನಿಮ್ಮದೇ ರಾ ಫುಟೇಜಿನ (ಇನ್ನೂ ಸಂಕಲಿಸದ ಚಿತ್ರೀಕರಣದ) ಹದಿನೈದು ನಿಮಿಷವನ್ನು ಕೊಟ್ಟು, ಅದನ್ನು ನಾಲ್ಕು ನಿಮಿಷಕ್ಕೆ ಇಳಿಸಲು ಹೇಳಿ, ಆ ಕೆಲಸಕ್ಕೆ ಹಣವನ್ನೂ ಕೊಡಿ. ನಾನು ಹೀಗೆ ಇಬ್ಬರಿಗೆ ಒಬ್ಬ ನೇಕಾರರ ಸಂದರ್ಶನದ ಒಂದೇ ತುಣುಕನ್ನು ಕೊಟ್ಟಿದ್ದೆ. ಮಗ್ಗವನ್ನು ಮಾರಿದ ದಿನದ ಬಗ್ಗೆ ಕೇಳಿದಾಗ ಆ ನೇಕಾರರು ಏಳೆಂಟು ಸೆಕೆಂಡು ಸುಮ್ಮನಿದ್ದು, ಕೈಯಲ್ಲಿದ್ದ ನೂಲಿನ ಎಳೆಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಆಮೇಲೆ ಬಾಯಿ ತೆರೆದಿದ್ದರು. ಮೊದಲನೆಯವರು ಆ ಮೌನವನ್ನು ತೆಗೆದು ಪ್ರಶ್ನೆಗೆ ಉತ್ತರವನ್ನು ನೇರವಾಗಿ ಅಂಟಿಸಿದ್ದರು. ಕಟ್ ಎಲ್ಲಿದೆಯೆಂದೇ ತಿಳಿಯದಷ್ಟು ನಾಜೂಕಿನ ಕೆಲಸ ಅದು, ಆದರೆ ಆ ಮನುಷ್ಯ ಸಲೀಸಾಗಿ ಮಗ್ಗ ಮಾರಿದವರಂತೆ ಕಂಡರು. ಎರಡನೆಯವರು ಮೌನವನ್ನು ಪೂರ್ತಿಯಾಗಿ ಬಿಟ್ಟು, ಅದಕ್ಕೂ ಮೊದಲು ಅವರು ಎರಡೆರಡು ಸಲ ಹೇಳಿದ್ದ ಮಾತುಗಳಿಂದ ಸಮಯವನ್ನು ಉಳಿಸಿದ್ದರು. ನಾನು ಎರಡನೆಯವರನ್ನೇ ಆರಿಸಿಕೊಂಡೆ. ಒಂದೆರಡು ಕಡೆ ಅವರ ಬಣ್ಣದ ಹೊಂದಾಣಿಕೆ ಸರಿಯಿರಲಿಲ್ಲ ನಿಜ, ಆದರೆ ಅದು ಹೇಳಿ ತಿದ್ದಿಸಬಹುದಾದ ದೋಷ.

ಉತ್ತರ 2

ಮೇಲಿನ ಮಾತು ಸರಿ. ಅದರೊಂದಿಗೆ ತಾಂತ್ರಿಕ ತಿಳಿವಳಿಕೆಯನ್ನೂ ಪರೀಕ್ಷಿಸಬೇಕು. ಮೊಬೈಲ್ ಫೋನಿನ ವಿಡಿಯೊದಲ್ಲಿ ಫ್ರೇಮ್ ರೇಟ್ (ಸೆಕೆಂಡಿಗೆ ದಾಖಲಾಗುವ ಚಿತ್ರಗಳ ಸಂಖ್ಯೆ) ಅನೇಕ ಬಾರಿ ಸ್ಥಿರವಾಗಿರುವುದಿಲ್ಲ. ಬೇರೆ ರೆಕಾರ್ಡರಿನ ಧ್ವನಿಯನ್ನು ಅದಕ್ಕೆ ಜೋಡಿಸಿದಾಗ ಆರಂಭದಲ್ಲಿ ತುಟಿಗೂ ಮಾತಿಗೂ ಹೊಂದಿಕೆಯಾಗಿದ್ದರೂ ಅರ್ಧ ಗಂಟೆಯ ಹೊತ್ತಿಗೆ ಎರಡೂ ಬೇರೆಬೇರೆಯಾಗಿಬಿಡಬಹುದು. ಕೆಲಸ ಬಲ್ಲವರು ಯಾವ ಸಾಧನದಲ್ಲಿ ಚಿತ್ರೀಕರಿಸಿದ್ದೀರಿ ಎಂದು ಮೊದಲೇ ಕೇಳಿ, ಅಗತ್ಯವಿದ್ದರೆ ಅದನ್ನು ಸ್ಥಿರ ಫ್ರೇಮ್ ರೇಟಿಗೆ ಪರಿವರ್ತಿಸಿಕೊಂಡೇ, ತುಣುಕುಗಳನ್ನು ಸಾಲಾಗಿ ಜೋಡಿಸುವ ಟೈಮ್‌ಲೈನಿಗೆ ಹಾಕುತ್ತಾರೆ. ಕಡತಗಳ ಗಾತ್ರವೂ ಸಣ್ಣ ವಿಷಯವಲ್ಲ. ಸೆಕೆಂಡಿಗೆ 100 ಮೆಗಾಬಿಟ್ ದರದ ಚಿತ್ರೀಕರಣ ಗಂಟೆಗೆ 45 ಗಿಗಾಬೈಟ್ ಆಗುವುದರಿಂದ, ಎರಡು ಕ್ಯಾಮೆರಾಗಳ ಎರಡು ಗಂಟೆಯ ಸಂದರ್ಶನ 180 ಗಿಗಾಬೈಟ್ ತೂಗುತ್ತದೆ. ಅದನ್ನು ಹೇಗೆ ತಲುಪಿಸಬೇಕು, ಪ್ರಾಕ್ಸಿ ಕಡತಗಳಲ್ಲಿ (ಮೂಲದ ಕಡಿಮೆ ಗಾತ್ರದ ಪ್ರತಿಗಳಲ್ಲಿ) ಕೆಲಸ ಮಾಡುತ್ತೀರಾ ಎಂದು ಮೂವರನ್ನೂ ಕೇಳಿ. ಏನೇ ಆದರೂ ಮೂಲ ಕಡತಗಳ ಇನ್ನೊಂದು ಪ್ರತಿ ನಿಮ್ಮ ಬಳಿಯೇ ಇರಲಿ.

ಉತ್ತರ 3

ಸ್ಟುಡಿಯೊವನ್ನು ಆರಿಸುವುದಾದರೆ, ನಿಮ್ಮ ಟೈಮ್‌ಲೈನಿನ ಮುಂದೆ ಕೂರುವ ವ್ಯಕ್ತಿ ಯಾರೆಂದು ಕೇಳಿ, ಅವರೊಂದಿಗೇ ಮಾತನಾಡಿ. ನಮ್ಮ ಸರಣಿಯ ಮೂರನೆಯ ಕಂತಿನ ಹೊತ್ತಿಗೆ ಒಂದು ಸ್ಟುಡಿಯೊ ನಮಗೆ ತಿಳಿಸದೆಯೇ ಎಡಿಟರನ್ನು ಬದಲಿಸಿತ್ತು, ಮತ್ತು ಅದುವರೆಗೆ ನಾವು ವಿವರಿಸಿದ್ದನ್ನೆಲ್ಲ ಮತ್ತೆ ಮೊದಲಿನಿಂದ ಹೇಳಬೇಕಾಯಿತು. ಒಪ್ಪಂದದಲ್ಲಿ ತಿದ್ದುಪಡಿಯ ಸುತ್ತುಗಳೆಷ್ಟು, ಪ್ರಾಜೆಕ್ಟ್ ಫೈಲ್ (ಸಂಕಲನವನ್ನು ಮತ್ತೆ ತೆರೆದು ತಿದ್ದಬಹುದಾದ ಕಡತ) ಯಾರದ್ದು, ಬಳಸಿದ ಸಂಗೀತದ ಪರವಾನಗಿ ಯಾರ ಹೆಸರಿನಲ್ಲಿದೆ ಎಂಬ ಮೂರನ್ನೂ ಬರೆಸಿಕೊಳ್ಳಿ. ಪ್ರಾಜೆಕ್ಟ್ ಫೈಲ್ ನಿಮ್ಮ ಕೈಗೆ ಬರದಿದ್ದರೆ, ಮುಂದೆ ಒಬ್ಬರ ಹೆಸರಿನ ಕಾಗುಣಿತ ತಿದ್ದುವುದಕ್ಕೂ ಅವರ ಬಾಗಿಲಿಗೇ ಹೋಗಬೇಕಾಗುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಮೂವರಿಗೂ ಒಂದೇ ತುಣುಕನ್ನು ಕೊಡಲು ನಿರ್ಧರಿಸಿದ್ದೇವೆ. ಯಾವುದನ್ನು ಉಳಿಸಬೇಕೆಂದು ಮೊದಲೇ ಸೂಚಿಸಬೇಕೇ?

ಉತ್ತರ 1

ಪರೀಕ್ಷೆಯ ಮಟ್ಟಿಗೆ ಸೂಚಿಸಬೇಡಿ. ನೋಡುಗರು ಯಾರು, ಎಷ್ಟು ನಿಮಿಷ ಬೇಕು ಎಂಬುದಷ್ಟೇ ಸಾಕು. ಕೆಲಸ ಕೈಸೇರಿದ ಮೇಲೆ ಒಮ್ಮೆ ಚಿತ್ರ ನೋಡದೆ ಧ್ವನಿಯನ್ನಷ್ಟೇ ಕೇಳಿ, ವಾಕ್ಯದ ನಡುವೆ ಉಸಿರು ತುಂಡಾದ ಕಡೆಗಳನ್ನು ಗುರುತು ಹಾಕಿಕೊಳ್ಳಿ. ಬಳಿಕ ಒಂದು ಕಡೆ ಬದಲಾವಣೆ ಕೇಳಿ, ಅವರು ಅದನ್ನು ಹೇಗೆ ಸ್ವೀಕರಿಸುತ್ತಾರೆಂದು ಗಮನಿಸಿ. ನಿಮಗೆ ಪ್ರಶ್ನೆ ಕೇಳಿದ ಆ ಯುವತಿಯ ಕೆಲಸವನ್ನು ನಾನಾಗಿದ್ದರೆ ಮೊದಲು ನೋಡುತ್ತಿದ್ದೆ.