ಹೊಸ ಉಪಕರಣಕ್ಕೆ ಬಂಡವಾಳ: ಸಾಲವೇ, ಅನುದಾನವೇ, ಷೇರೇ?

ಪ್ರಶ್ನೆ (ಶಿಡ್ಲಘಟ್ಟ):
ನಮ್ಮ ಮನೆಯಲ್ಲಿ ಎರಡು ತಲೆಮಾರಿನಿಂದ ರೇಷ್ಮೆ ನೂಲು ಬಿಚ್ಚಾಣಿಕೆಯ ಕಸುಬಿದೆ. ಬಿಚ್ಚುವಾಗ ಎಳೆ ತೆಳುವಾದ ಕೂಡಲೇ ಎಚ್ಚರಿಸುವ ಸಣ್ಣ ಉಪಕರಣವೊಂದನ್ನು ಗೆಳೆಯನೊಡನೆ ಸೇರಿ ರೂಪಿಸಿದ್ದೇನೆ. ಕಳೆದ ವರ್ಷ ಕಂಪನಿಯನ್ನೂ ನೋಂದಾಯಿಸಿದ್ದೇವೆ. ಇಪ್ಪತ್ತು ರೀಲರ್‌ಗಳ ಘಟಕಗಳಲ್ಲಿ ಅಳವಡಿಸಿ ಪರೀಕ್ಷಿಸಲು ಸುಮಾರು 25 ಲಕ್ಷ ರೂಪಾಯಿ ಬೇಕು. ಬ್ಯಾಂಕಿನವರು ಮನೆಪತ್ರ ಅಡವಿಡಿ ಎನ್ನುತ್ತಾರೆ, ಬೆಂಗಳೂರಿನ ಹೂಡಿಕೆದಾರರೊಬ್ಬರು ಕಂಪನಿಯ ಕಾಲುಭಾಗ ಕೇಳುತ್ತಾರೆ. ತಂದೆಯವರ ಕಾಲದಲ್ಲಿ ಚೀಟಿ ಹಣ ಮತ್ತು ನೂಲು ವ್ಯಾಪಾರಿಯ ಮುಂಗಡದಲ್ಲೇ ಎಲ್ಲವೂ ನಡೆಯುತ್ತಿತ್ತು. ತಿಳಿದವರು ದಾರಿ ಹೇಳಬೇಕು.

ಉತ್ತರ (ಕೋಲಾರ):
ಬ್ಯಾಂಕಿನಲ್ಲಿ ಸಾಲ ವಿಭಾಗ ನೋಡಿಕೊಂಡಿದ್ದ ಅನುಭವದಿಂದ ಬರೆಯುತ್ತಿದ್ದೇನೆ. ಸಣ್ಣ ಉದ್ಯಮಗಳಿಗೆ ಅಡಮಾನವಿಲ್ಲದೆ ಸಾಲ ಸಿಗಲೆಂದೇ 2000ದಲ್ಲಿ ಕೇಂದ್ರ ಸರ್ಕಾರ ಮತ್ತು ಸಿಡ್ಬಿ (ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ಬ್ಯಾಂಕು) ಸೇರಿ ಸಾಲ ಖಾತರಿ ನಿಧಿಯನ್ನು ಸ್ಥಾಪಿಸಿದವು. ಅದರ ಖಾತರಿಗೆ ಒಳಪಡುವ ಸಾಲದ ಮಿತಿಯನ್ನು 2023ರಲ್ಲಿ 5 ಕೋಟಿಗೂ 2025ರಲ್ಲಿ 10 ಕೋಟಿಗೂ ಏರಿಸಲಾಯಿತು. ಆದ್ದರಿಂದ ಮನೆಪತ್ರ ಕೇಳಿದವರಿಗೆ ಈ ಖಾತರಿಯಡಿ ಸಾಲ ಕೊಡಿ ಎಂದು ಲಿಖಿತ ಅರ್ಜಿಯನ್ನೇ ಕೊಡಿ. ಆದರೂ ಈ ಹಂತದಲ್ಲಿ ಸಾಲ ಬೇಡವೆಂದೇ ನನ್ನ ಅಭಿಪ್ರಾಯ. ಖಾತರಿಯು ಬ್ಯಾಂಕಿನ ನಷ್ಟವನ್ನು ತುಂಬುತ್ತದೆಯೇ ಹೊರತು ನಿಮ್ಮ ಋಣವನ್ನು ತೀರಿಸುವುದಿಲ್ಲ. ಕಂತು ಮುಂದಿನ ತಿಂಗಳೇ ಶುರುವಾಗಬಹುದು, ಪರೀಕ್ಷೆಯಲ್ಲಿರುವ ಉಪಕರಣದಿಂದ ಆದಾಯ ಯಾವಾಗ ಬರುತ್ತದೆಂದು ಯಾರೂ ಹೇಳಲಾರರು.

ಉತ್ತರ (ತುಮಕೂರು):
ಕಾಲುಭಾಗದ ಬೇಡಿಕೆಯ ಹಿಂದಿನ ಲೆಕ್ಕವನ್ನು ಅರಿತುಕೊಳ್ಳಬೇಕು. ನಮ್ಮಲ್ಲಿ ಸಾಹಸ ಬಂಡವಾಳ (ಹೊಸ ಉದ್ಯಮದ ಷೇರು ಪಡೆದು ಹೂಡುವ ಹಣ) ಮೊದಲು ಬಂದದ್ದು ಸಾರ್ವಜನಿಕ ಹಣಕಾಸು ಸಂಸ್ಥೆಗಳಿಂದ. 1988ರಲ್ಲಿ, ಆಗ ಸಾರ್ವಜನಿಕ ಹಣಕಾಸು ಸಂಸ್ಥೆಗಳಾಗಿದ್ದ ಐಸಿಐಸಿಐ ಮತ್ತು ಯುಟಿಐ ಸೇರಿ ಹುಟ್ಟುಹಾಕಿದ ಟಿಡಿಐಸಿಐ ಎಂಬ ಹೂಡಿಕೆ ಕಂಪನಿ ಅಂಥದ್ದೇ. ಆಮೇಲೆ ವಿದೇಶಿ ಹಣ ಮೇಲುಗೈ ಪಡೆಯಿತು. 2016ರಲ್ಲಿ ಸರ್ಕಾರ ಘೋಷಿಸಿದ 10,000 ಕೋಟಿ ರೂಪಾಯಿಗಳ ನಿಧಿ ಕೂಡ ನೇರವಾಗಿ ನಿಮ್ಮಂಥವರಿಗೆ ಬರುವುದಿಲ್ಲ, ಸಿಡ್ಬಿಯ ಮೂಲಕ ಖಾಸಗಿ ನಿಧಿಗಳಿಗೆ ಹೋಗುತ್ತದೆ. ಹಣದ ಮೂಲ ಬದಲಾದರೂ ಅದರ ಸ್ವಭಾವ ಬದಲಾಗಿಲ್ಲ: ಹತ್ತರಲ್ಲಿ ಬಹುಪಾಲು ಸೋಲುತ್ತವೆಂದು ಎಣಿಸುವ ಹೂಡಿಕೆದಾರ, ಗೆಲ್ಲುವ ಒಂದೆರಡು ಹತ್ತಾರು ಪಟ್ಟು ಬೆಳೆಯಲೇಬೇಕೆಂದು ಬಯಸುತ್ತಾನೆ. ಶಿಡ್ಲಘಟ್ಟ, ರಾಮನಗರಗಳ ರೀಲರ್‌ಗಳನ್ನೇ ನಂಬಿದ ಉಪಕರಣ ಅಷ್ಟು ಬೆಳೆಯುವುದು ಕಷ್ಟ, ಅಷ್ಟು ಬೆಳೆಯದಿದ್ದರೂ ಅದು ಒಳ್ಳೆಯ ಉದ್ಯಮವೇ. ಇಂಥ ಉದ್ಯಮಕ್ಕೆ ನಿಧಾನವಾಗಿ ಫಲ ನಿರೀಕ್ಷಿಸುವ ಬಂಡವಾಳ ನಮ್ಮ ಜಿಲ್ಲೆಗಳಲ್ಲಿ ಸಿಗುವುದಿಲ್ಲ. ನೀತಿಯ ನಿಜವಾದ ಕೊರತೆ ಇದೇ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಉತ್ತರ (ಚಿಕ್ಕಬಳ್ಳಾಪುರ):
ಪರೀಕ್ಷೆಯ ಹಂತಕ್ಕೆ ಅನುದಾನವೇ ತಕ್ಕದ್ದು. ನವೋದ್ಯಮಗಳಿಗೆ ನೆರವಾಗುವ ರಾಜ್ಯದ ಎಲಿವೇಟ್ ಕಾರ್ಯಕ್ರಮದಲ್ಲಿ ಆಯ್ಕೆಯಾದವರಿಗೆ 50 ಲಕ್ಷದವರೆಗೆ ಸಿಗುತ್ತದೆ, ಷೇರು ಬಿಟ್ಟುಕೊಡಬೇಕಿಲ್ಲ. ಅರ್ಜಿಗೆ ಮುನ್ನ ಬೆಂಗಳೂರಿನಲ್ಲಿರುವ ಕೇಂದ್ರೀಯ ರೇಷ್ಮೆ ತಾಂತ್ರಿಕ ಸಂಶೋಧನಾ ಸಂಸ್ಥೆಯವರಿಗೆ ಉಪಕರಣ ತೋರಿಸಿ, ನೂಲಿನ ಗುಣಮಟ್ಟದ ಪರೀಕ್ಷಾ ವರದಿಯನ್ನು ಕೇಳಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ಹೂಡಿಕೆದಾರರಿಗೆ ಆರು ತಿಂಗಳ ಕಾಲಾವಕಾಶ ಕೇಳಿ ಇಂದೇ ಪತ್ರ ಬರೆದಿದ್ದೇನೆ. ಮುಂದಿನ ವಾರ ನೂಲಿನ ಲಡಿಗಳೊಂದಿಗೆ ಸಂಶೋಧನಾ ಸಂಸ್ಥೆಗೆ ಹೋಗುತ್ತೇವೆ.